ದಿನಾ ಓಡಿಸುವ ಮಸ್ಟಾಂಗ್‌ಗೆ ಯಾವ ಸೂಪರ್‌ಚಾರ್ಜರ್ ಹಾಕಿಸಲಿ?

ನಿಮ್ಮದು 2016ರ ಮಸ್ಟಾಂಗ್ ಜಿಟಿ, 5 ಲೀಟರ್ ವಿ8. ವಾರಕ್ಕೆ ಐದು ದಿನ ಚಿಕ್ಕಮಗಳೂರಿನಿಂದ ಬೇಲೂರು ಮೇಲೆ ಹಾಸನಕ್ಕೆ ಬಂದು ಹೋಗುತ್ತೀರಿ. ಸೂಪರ್‌ಚಾರ್ಜರ್ ಅಂದರೆ ಎಂಜಿನ್ ಬೆಲ್ಟ್‌ನಿಂದಲೇ ತಿರುಗಿ ಎಂಜಿನ್ ಒಳಗೆ ಜಾಸ್ತಿ ಗಾಳಿ ಒತ್ತುವ ಪಂಪ್, ಬ್ಲೋವರ್ ಅಂತಲೂ ಅನ್ನುತ್ತಾರೆ. ಅದರ ಮೂರು ಬಗೆಯಲ್ಲಿ ರೂಟ್ಸ್ ಹಾಕಿಸಲಾ, ಟ್ವಿನ್ ಸ್ಕ್ರೂನಾ, ಸೆಂಟ್ರಿಫ್ಯೂಗಲ್ಲಾ ಅಂತ ಕೇಳಿದ್ದೀರಿ.

ಸೆಂಟ್ರಿಫ್ಯೂಗಲ್ ಹಾಕಿಸಿ. ಅದನ್ನು ತಿರುಗಿಸುವ ಪುಲ್ಲಿ (ಬೆಲ್ಟ್ ಕೂರುವ ಚಕ್ರ) ದೊಡ್ಡದೇ ಇರಲಿ, ಅಂದರೆ ಬ್ಲೋವರ್ ನಿಧಾನ ತಿರುಗಿ ಬೂಸ್ಟ್ (ಅದು ಕೊಡುವ ಹೆಚ್ಚುವರಿ ಗಾಳಿ ಒತ್ತಡ) ಕಡಿಮೆ ಇರಲಿ.

ತಮಾಷೆ ಏನೆಂದರೆ, ನಾನು ರೂಟ್ಸ್ ಪಕ್ಷದವನು. ಹಾಸನದಲ್ಲಿ ಏಳು ವರ್ಷದಿಂದ ಸೆಕೆಂಡ್ ಹ್ಯಾಂಡ್ ಮರ್ಸಿಡಿಸ್ ಸಿ200 ಕಾಂಪ್ರೆಸರ್ ಓಡಿಸುತ್ತಿದ್ದೇನೆ. 1.8 ಲೀಟರ್, 163 ಎಚ್‌ಪಿ, ಕಾರ್ಖಾನೆಯಿಂದಲೇ ಬಂದ ಈಟನ್ ಬ್ಲೋವರ್. ಎರಡು ರೋಟರ್ ಪ್ರತಿ ಸುತ್ತಿಗೂ ಲೆಕ್ಕದಷ್ಟು ಗಾಳಿಯನ್ನು ಎಂಜಿನ್ ಒಳಗೆ ನೂಕುತ್ತವೆ. ಅಮೆರಿಕದ ರೂಟ್ಸ್ ಅಣ್ಣತಮ್ಮಂದಿರು ಇದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದು 1860ರಲ್ಲಿ, ಕಾರು ಹುಟ್ಟುವ ಮೊದಲೇ! ಊರಿಗೊಂದು ಹಂಪ್ ಇರುವ ನಮ್ಮ ರಸ್ತೆಗೆ ಇದು ಹೇಳಿ ಮಾಡಿಸಿದ ಹಾಗಿದೆ. ಹಂಪ್ ದಾಟಿ ಕಾಲಿಟ್ಟರೆ ಕುಯ್ ಅಂತ ಸಣ್ಣ ಸದ್ದು, 2,000 ಆರ್‌ಪಿಎಂನಲ್ಲೇ ಪಿಕಪ್.

ಆದರೆ ನನ್ನದು ಚಿಕ್ಕ ಎಂಜಿನ್, ಕೆಳಗಡೆ ಅದಕ್ಕೆ ಉಸಿರು ಸಾಲದು, ಬ್ಲೋವರ್ ಆ ಕೊರತೆ ತುಂಬುತ್ತದೆ. ನಿಮ್ಮದಕ್ಕೆ ಆ ಕೊರತೆಯೇ ಇಲ್ಲ. ಸುಮ್ನೆ ಹಾಗೇ ಬಿಟ್ಟರೂ 400 ಎಚ್‌ಪಿ, 515 ಎನ್‌ಎಂ ಟಾರ್ಕ್ ಇದೆ, ಅದೂ ಹಿಂದಿನ ಎರಡು ಚಕ್ರಕ್ಕೆ. ಜುಲೈ ತಿಂಗಳು, ಎಸ್ಟೇಟ್ ಗೇಟಿನಿಂದ ಟ್ರ್ಯಾಕ್ಟರ್ ಎಳೆದು ತಂದ ಕೆಂಪು ಮಣ್ಣು ರಸ್ತೆ ತುಂಬ ಮೆತ್ತಿಕೊಂಡಿದೆ, ತಿರುವಿನ ಮಧ್ಯೆ ನೀವು ಆಕ್ಸಿಲರೇಟರ್ ಸ್ವಲ್ಪ ಒತ್ತುತ್ತೀರಿ, ಅಲ್ಲಿಗೆ 2,000 ಆರ್‌ಪಿಎಂನಲ್ಲೇ ಪೂರ್ತಿ ಬೂಸ್ಟ್ ಬಂದು ಕೂತರೆ ಏನಾಗುತ್ತದೆ ಅಂತ ಯೋಚಿಸಿ. ಟ್ವಿನ್ ಸ್ಕ್ರೂ ಕೂಡ ಈ ವಿಷಯದಲ್ಲಿ ಅದೇ ಜಾತಿ.

ಸೆಂಟ್ರಿಫ್ಯೂಗಲ್ ಬೇರೆ ಥರ. ಅದರೊಳಗೆ ಫ್ಯಾನ್‌ನಂಥ ಚಕ್ರ ತಿರುಗಿ ಗಾಳಿ ಒತ್ತುತ್ತದೆ. ಅದರ ಬೂಸ್ಟ್ ಹೆಚ್ಚುಕಡಿಮೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ವೇಗ ಎರಡು ಪಟ್ಟಾದರೆ ಬೂಸ್ಟ್ ನಾಲ್ಕು ಪಟ್ಟು. 6,000 ಆರ್‌ಪಿಎಂಗೆ 8 ಪಿಎಸ್‌ಐ (ಒತ್ತಡದ ಅಳತೆ) ಕೊಡುವ ಯೂನಿಟ್ 3,000ಕ್ಕೆ ಸುಮಾರು 2 ಕೊಡುತ್ತದೆ ಅಷ್ಟೇ. ಹಾಲಿನ ವ್ಯಾನ್ ಹಿಂದೆ ಬೇಲೂರು ಪೇಟೆ ದಾಟುವಾಗ ನಿಮ್ಮ ಕಾರು ಇವತ್ತು ಹೇಗಿದೆಯೋ ಹಾಗೇ ಇರುತ್ತದೆ. ಖಾಲಿ ನೇರ ರಸ್ತೆ ಸಿಕ್ಕಾಗ ಮಾತ್ರ ಬೇರೆ ಕಾರು.

ನಿಮ್ಮ ಕಾರಿಗೆ ಮೂರೂ ಬಗೆ ಸಿಗುತ್ತವೆ. ರೌಷ್ ಕಿಟ್‌ನಲ್ಲಿ ಈಟನ್ ಇದೆ, ವಿಪಲ್ ಅಂದರೆ ಟ್ವಿನ್ ಸ್ಕ್ರೂ, ವೋರ್ಟೆಕ್ ಮತ್ತು ಪ್ರೊಚಾರ್ಜರ್ ಸೆಂಟ್ರಿಫ್ಯೂಗಲ್. ಬ್ರ್ಯಾಂಡ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಈ ಕಿಟ್‌ಗಳೆಲ್ಲ ಮೂಲತಃ ಅಮೆರಿಕದ ಎಡಗಡೆ ಸ್ಟೀರಿಂಗ್ ಕಾರಿಗೆ ಮಾಡಿದವು. ಬಲಗಡೆ ಸ್ಟೀರಿಂಗ್‌ಗೆ ಕೂರುತ್ತದೆ ಅಂತ ಮಾರುವವರಿಂದ ಬರೆಸಿಕೊಳ್ಳಿ. ಬ್ಲೋವರ್‌ಗೆ ಅದರದ್ದೇ ಆಯಿಲ್ ಇರುವುದನ್ನು ತೆಗೆದುಕೊಳ್ಳಿ. ಎಂಜಿನ್ ಆಯಿಲ್ ಎಳೆಯುವ ಬಗೆಗೆ ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಗೆ (ಸಂಪ್) ತೂತು ಹಾಕಬೇಕಾಗಬಹುದು, ಅದು ನನಗೆ ಇಷ್ಟವಿಲ್ಲ. ಫಿಲ್ಟರ್ ಎಲ್ಲಿ ಕೂರುತ್ತದೆ ಅಂತಲೂ ನೋಡಿ. ಕೆಲವದರಲ್ಲಿ ಬಂಪರ್ ಹಿಂದೆ ತೀರಾ ಕೆಳಗೆ ಇರುತ್ತದೆ, ಮಲೆನಾಡಿನ ಮಳೆಯಲ್ಲಿ ರಸ್ತೆಯಲ್ಲಿ ನಿಂತ ನೀರನ್ನು ಎಂಜಿನ್ ಕುಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಈಗ ಯಾರೂ ಹೇಳದ ವಿಷಯ. ಟ್ಯೂನಿಂಗ್‌ಗೆ, ಅಂದರೆ ಬ್ಲೋವರ್‌ಗೆ ತಕ್ಕಂತೆ ಎಂಜಿನ್ ಕಂಪ್ಯೂಟರ್‌ನಲ್ಲಿ ಪೆಟ್ರೋಲ್, ಕಿಡಿಯ ಲೆಕ್ಕ (ಮ್ಯಾಪ್) ಹೊಂದಿಸಲು, ಹೇಗೂ ಬೆಂಗಳೂರಿಗೇ ಹೋಗುತ್ತೀರಿ, ಅಲ್ವಾ? ಬೆಂಗಳೂರು, ಹಾಸನ, ಚಿಕ್ಕಮಗಳೂರು ಮೂರೂ ಸಮುದ್ರಮಟ್ಟಕ್ಕಿಂತ ಹೆಚ್ಚುಕಡಿಮೆ 900ರಿಂದ 1,100 ಮೀಟರ್ ಎತ್ತರದಲ್ಲಿವೆ. ಇಲ್ಲಿ ಗಾಳಿಯ ಒತ್ತಡ ಸುಮಾರು 13 ಪಿಎಸ್‌ಐ, ಮಂಗಳೂರಿನಲ್ಲಿ 14.7. ಬ್ಲೋವರ್ ಒಳಗೆ ಬಂದ ಗಾಳಿಯನ್ನು ಒಂದೂವರೆ ಪಟ್ಟು ಒತ್ತುತ್ತದೆ ಅಂತಿಟ್ಟುಕೊಳ್ಳಿ. ಇಲ್ಲಿ ಎಂಜಿನ್‌ಗೆ ಸಿಗುವುದು 19.5, ಮಂಗಳೂರಿನಲ್ಲಿ 22. ಪುಲ್ಲಿ ಅದೇ, ಮ್ಯಾಪ್ ಅದೇ. ಆದರೆ ಟ್ಯೂನ್ ಮಾಡುವಾಗ ಕಾರನ್ನು ನಿಲ್ಲಿಸಿ ಓಡಿಸುವ ರೋಲರ್ ಯಂತ್ರದ (ಡೈನೋ) ಮೇಲೆ ಒಮ್ಮೆಯೂ ಮುಟ್ಟದ ಲೋಡಿಗೆ ಎಂಜಿನ್ ಹೋಗುತ್ತದೆ, ಜೊತೆಗೆ ಕರಾವಳಿಯ ಸೆಕೆ.

ನನ್ನ ಗೆಳೆಯನಿಗೆ ಹೀಗೇ ಆಯಿತು. ಅವನದೂ ಆಮೇಲೆ ಸೂಪರ್‌ಚಾರ್ಜರ್ ಹಾಕಿಸಿದ ಕಾರು, ಟ್ಯೂನ್ ಮಾಡಿದ್ದು ಬೆಂಗಳೂರಿನ ಒಂದು ಗ್ಯಾರೇಜ್. ಮಂಗಳೂರಿನ ಮದುವೆಗೆ ಹೋಗಿ ಮಾರನೇ ದಿನ ಮಧ್ಯಾಹ್ನ ವಾಪಸ್ ಬರುತ್ತಿದ್ದೆವು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಒಂದು ಟ್ಯಾಂಕರ್ ಹಿಂದೆ ಹಾಕಲು ಪೂರ್ತಿ ತುಳಿದ. ತಗಡಿನ ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಸದ್ದು ಬಂತು. ನಾಕಿಂಗ್, ಅಂದರೆ ಸಿಲಿಂಡರ್‌ನಲ್ಲಿ ಪೆಟ್ರೋಲ್ ತಾನಾಗಿ ಸಿಡಿಯುವುದು. ಕಾಲು ತೆಗೆದ, ಪುಣ್ಯಕ್ಕೆ ಅಷ್ಟಕ್ಕೇ ನಿಂತಿತು. ಸಕಲೇಶಪುರದಲ್ಲಿ ಪ್ಲಗ್ ಬಿಚ್ಚಿಸಿದೆವು. ಬಿಳಿ ಪಿಂಗಾಣಿ ಮೇಲೆ ಸಾಸಿವೆಗಿಂತ ಸಣ್ಣ, ಮಿನುಗುವ ಚುಕ್ಕೆಗಳು. ಮೆಕ್ಯಾನಿಕ್ ಉಗುರಿನಿಂದ ಒಂದನ್ನು ಕೆರೆದು, 'ಇದು ಪಿಸ್ಟನ್ ಅಲ್ಯುಮಿನಿಯಂ ಸಾರ್, ಇನ್ನೊಂದು ಸಲ ಹಿಂಗೆ ತುಳಿದ್ರೆ ತೂತೇ' ಅಂದ.

ನಿಮ್ಮ ಎಂಜಿನ್ ಕಂಪ್ರೆಷನ್ 11:1, ಅಂದರೆ ಸಿಲಿಂಡರ್‌ಗೆ ಬಂದ ಗಾಳಿಯನ್ನು ಹನ್ನೊಂದರಲ್ಲಿ ಒಂದು ಪಾಲಿನ ಜಾಗಕ್ಕೆ ಒತ್ತುತ್ತದೆ. ಬೂಸ್ಟ್ ಹಾಕಲು ಅದೇ ಜಾಸ್ತಿ. ಹಾಗಾಗಿ ಟ್ಯೂನರ್ ಹತ್ತಿರ ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು) ಸ್ವಲ್ಪ ತಡವಾಗೇ ಇಡಲು ಹೇಳಿ, 95 ಆಕ್ಟೇನ್ (ನಾಕಿಂಗ್ ತಡೆಯುವ ಶಕ್ತಿಯ ಅಳತೆ) ಪೆಟ್ರೋಲ್ ಮೇಲೇ ಮ್ಯಾಪ್ ಮಾಡಿಸಿ, 100 ಆಕ್ಟೇನ್ ನಂಬಿಕೊಂಡು ಮಾಡಿಸಬೇಡಿ, ಅದು ಎಲ್ಲ ಬಂಕ್‌ನಲ್ಲಿ ಸಿಗುವುದಿಲ್ಲ. ಆಮೇಲೆ ಲ್ಯಾಪ್‌ಟಾಪ್ ಹಾಕಿಕೊಂಡು ಒಂದು ಸಲ ಮಂಗಳೂರಿಗೆ ಇಳಿದು ಲಾಗ್ (ಎಂಜಿನ್ ಓಡುವಾಗಿನ ದಾಖಲೆ) ತೆಗೆಯಿರಿ. ಟ್ಯೂನರ್ 'ಬೇಕಾಗಿಲ್ಲ' ಅಂದರೆ ಬೇರೆ ಟ್ಯೂನರ್ ನೋಡಿ.

ಬ್ಲೋವರ್ ಒತ್ತಿ ಬಿಸಿಯಾದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇಲ್ಲದ ಕಿಟ್ ಬೇಡವೇ ಬೇಡ. ಎಂಜಿನ್ ಮೇಲೆ ಕೂರುವ ಬ್ಲೋವರ್‌ಗಳಿಗೆ (ರೂಟ್ಸ್, ಟ್ವಿನ್ ಸ್ಕ್ರೂ) ಸಾಮಾನ್ಯವಾಗಿ ನೀರಿನ ಇಂಟರ್‌ಕೂಲರ್. ಲಾರಿ ಸಾಲಿನ ಹಿಂದೆ ತೆವಳುವಾಗ ಆ ನೀರು ಬಿಸಿಯಾದರೆ ತಣ್ಣಗಾಗಲು ಹೊತ್ತು ಬೇಕು. ಸೆಂಟ್ರಿಫ್ಯೂಗಲ್‌ಗೆ ಮುಂದೆ ಗಾಳಿಗೇ ಕೂರುವ ಇಂಟರ್‌ಕೂಲರ್ ಹಾಕಬಹುದು.

ಕಾನೂನಿನ ವಿಷಯ ಬೇಸರದ್ದೇ, ಆದರೂ ಕೇಳಿ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 182ಎ ಪ್ರಕಾರ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ದುಡ್ಡು ಕಟ್ಟುವ ಮೊದಲೇ ಆರ್‌ಟಿಒದಲ್ಲಿ ಕೇಳಿ. ಇನ್ಶೂರೆನ್ಸ್‌ನವರಿಗೆ ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ಕೈ ಎತ್ತುತ್ತಾರೆ.

ಇನ್ನೊಂದು, ಕಿಟ್ ತರಿಸುವಾಗಲೇ ಎರಡು ಬೆಲ್ಟ್ ಜಾಸ್ತಿ ತರಿಸಿ, ಒಂದನ್ನು ಡಿಕ್ಕಿಯಲ್ಲೇ ಇಟ್ಟಿರಿ. ನನ್ನ ಬೆಲ್ಟ್‌ನಲ್ಲಿ ಬಿರುಕು ಕಂಡರೂ ಮುಂದಿನ ತಿಂಗಳು ನೋಡೋಣ ಅಂತ ಬಿಟ್ಟಿದ್ದೆ, ಹಗರೆ ಹತ್ತಿರ ಹರಿಯಿತು. ಬ್ಲೋವರ್ ಜೊತೆ ಆಲ್ಟರ್ನೇಟರ್, ನೀರಿನ ಪಂಪ್ ಎಲ್ಲ ನಿಂತವು. ಶುಂಠಿ ಮೂಟೆ ಹೇರಿದ್ದ ಟ್ರ್ಯಾಕ್ಟರ್ ಹಿಂದೆ ಹಗ್ಗ ಕಟ್ಟಿಕೊಂಡು ಹಾಸನಕ್ಕೆ ಬಂದೆ. ಬೆಲ್ಟ್ ಬಂದಿದ್ದು ನಾಲ್ಕು ದಿನದ ಮೇಲೆ.