ಇ-ಪುಸ್ತಕವೋ ಪ್ರಕಾಶಕರೋ ಎಂದು ಕೇಳುವ ಮೊದಲು ಕರಾರು ತೆರೆದು ನೋಡಿ

ಮೊದಲ ಕಾದಂಬರಿ ಮುಗಿದಿದೆ, ಪ್ರಕಾಶಕರೊಬ್ಬರು ಒಪ್ಪಿ ಕರಾರಿನ ಕರಡು ಕಳಿಸಿದ್ದಾರೆ, ಆದರೆ ಸ್ವಂತವಾಗಿ ಇ-ಪುಸ್ತಕ ಮಾಡಿದರೆ ಹೆಚ್ಚು ದುಡ್ಡಲ್ಲವೇ ಎಂದು ಕೇಳಿದ್ದೀರಿ. ಒಂಬತ್ತು ವರ್ಷದ ಹಿಂದೆ ನಾನೂ ಇದೇ ಜಾಗದಲ್ಲಿ ನಿಂತಿದ್ದೆ. ಪ್ರಕಾಶಕರ ಕಡೆಗೇ ಹೋದೆ. ಅದಕ್ಕಾಗಿ ಪಶ್ಚಾತ್ತಾಪವಿಲ್ಲ. ಅಲ್ಲಿನ ಸಂಪಾದಕರು ನನ್ನ ಕೊನೆಯ ಮೂರು ಅಧ್ಯಾಯ ಹಿಡಿದು ಎರಡು ತಿಂಗಳು ಜೊತೆಗೆ ಕೂತಿದ್ದರು. ಆ ಋಣ ಇನ್ನೂ ಇದೆ. ನನ್ನನ್ನು ಮುಳುಗಿಸಿದ್ದು ಕರಾರಿನ ನಾಲ್ಕನೇ ಪುಟದ ಒಂದೇ ಒಂದು ವಾಕ್ಯ.

ಈಗಿರುವ ಮತ್ತು ಮುಂದೆ ಬರಬಹುದಾದ ಎಲ್ಲ ರೂಪಗಳಲ್ಲೂ, ಕೃತಿ ಲಭ್ಯವಿರುವಷ್ಟು ಕಾಲ, ಪ್ರಕಟಿಸುವ ಹಕ್ಕು ಪ್ರಕಾಶಕರದ್ದು ಎಂದು ಅಲ್ಲಿ ಬರೆದಿತ್ತು. ಹನ್ನೊಂದು ತಿಂಗಳು ಕಾದು ಸಿಕ್ಕ ಒಪ್ಪಿಗೆ. ಓದಿದೆ, ಸಹಿ ಹಾಕಿದೆ.

ಅಚ್ಚಾದ ಸಾವಿರ ಪ್ರತಿ ಎರಡೂವರೆ ವರ್ಷದಲ್ಲಿ ಖಾಲಿಯಾಯಿತು. ಮರುಮುದ್ರಣ ಆಗಲಿಲ್ಲ. ಪುಸ್ತಕ ಎಲ್ಲಿ ಸಿಗುತ್ತದೆ ಎಂದು ಓದುಗರು ಬರೆಯುತ್ತಲೇ ಇದ್ದರು. ನಾನೇ ಇ-ಪುಸ್ತಕ ಮಾಡಿಕೊಳ್ಳುತ್ತೇನೆ, ಹಕ್ಕು ಬಿಟ್ಟುಕೊಡಿ ಎಂದು ಪ್ರಕಾಶಕರನ್ನು ಕೇಳಿದೆ. ಪುಸ್ತಕ ಇ-ರೂಪದಲ್ಲಿ ಲಭ್ಯವಿದೆ, ಆದ್ದರಿಂದ ಹಕ್ಕು ಮರಳುವುದಿಲ್ಲ ಎಂದು ಉತ್ತರ ಬಂತು. ಹುಡುಕಿ ನೋಡಿದೆ. ಅಚ್ಚಿನ ಪುಟಗಳ ಪಿಡಿಎಫ್ ಒಂದನ್ನು ಮಾರಾಟಕ್ಕೆ ಇಟ್ಟಿದ್ದರು. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯ ಆಚೆ ಹೋಗುತ್ತಿತ್ತು. ನಾಲ್ಕು ವರ್ಷದಲ್ಲಿ ಮಾರಾಟವಾದದ್ದು ಏಳು ಪ್ರತಿ.

ಇದನ್ನು ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೊಸಬರು ಎಡವುವುದು ಇಲ್ಲೇ. ಕಾಗದದ ಕಾಲದಲ್ಲಿ 'ಲಭ್ಯವಿರುವಷ್ಟು ಕಾಲ' ಎಂಬ ಮಾತಿಗೆ ಒಂದು ಕೊನೆ ಇತ್ತು. ಗೋದಾಮಿನ ಪ್ರತಿ ಮುಗಿದು, ಪ್ರಕಾಶಕರು ಮತ್ತೆ ಅಚ್ಚು ಹಾಕದಿದ್ದರೆ ಹಕ್ಕನ್ನು ವಾಪಸ್ ಕೇಳಬಹುದಿತ್ತು. ಕಂಪ್ಯೂಟರಿನ ಫೈಲಿಗೆ ಮುಗಿಯುವುದು ಎಂಬುದಿಲ್ಲ. ಒಬ್ಬರೂ ಕೊಳ್ಳದಿದ್ದರೂ ಅದು 'ಲಭ್ಯ'. ಇದು ನನ್ನೊಬ್ಬನ ಸಂಕಟವೂ ಅಲ್ಲ. 2007ರಲ್ಲಿ ಅಮೆರಿಕದ ಲೇಖಕರ ಸಂಘಟನೆಯಾದ ಆಥರ್ಸ್ ಗಿಲ್ಡ್ ದೊಡ್ಡ ಪ್ರಕಾಶನ ಸಂಸ್ಥೆಯೊಂದರ ಜೊತೆ ಜಗಳಕ್ಕೆ ನಿಂತದ್ದು ಹೆಚ್ಚುಕಡಿಮೆ ಇದೇ ಮಾತಿಗೆ. ಅದಕ್ಕೂ ಮೊದಲು, 2001ರಲ್ಲಿ, ಪ್ರಕಾಶನ ಸಂಸ್ಥೆ ರ‍್ಯಾಂಡಮ್ ಹೌಸ್ ಮತ್ತು ಇ-ಪುಸ್ತಕ ಕಂಪನಿ ರೋಸೆಟಾ ಬುಕ್ಸ್ ನಡುವಿನ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ನ್ಯಾಯಾಲಯ 'ಪುಸ್ತಕ ರೂಪದಲ್ಲಿ' ಎಂಬ ಹಳೆಯ ಕರಾರಿನ ಮಾತು ಇ-ಪುಸ್ತಕವನ್ನು ಒಳಗೊಳ್ಳುವುದಿಲ್ಲ ಎಂದಿತ್ತು. ಆಮೇಲಿನ ಕರಾರುಗಳಲ್ಲಿ ಇ-ಹಕ್ಕನ್ನು ಬಿಡಿಸಿ ಬರೆಯುವುದು ರೂಢಿಯಾಗಿದೆ. ನಾನು ಸಹಿ ಹಾಕಿದ್ದು ಅಂಥದ್ದಕ್ಕೇ.

ಎರಡನೇ ಕಾದಂಬರಿಯನ್ನು ಸ್ವಂತವಾಗಿ ಇ-ಪುಸ್ತಕ ಮಾಡಿದೆ. ಇಲ್ಲಿ ನಿಮ್ಮ ಲಾಭದ ಲೆಕ್ಕ ಅರ್ಧ ಮಾತ್ರ ಸರಿ. ಅಮೆಜಾನ್‌ನ ಕೆಡಿಪಿಯಲ್ಲಿ (ಲೇಖಕರೇ ಇ-ಪುಸ್ತಕ ಪ್ರಕಟಿಸಿಕೊಳ್ಳುವ ತಾಣ) 70 ಶೇಕಡಾ ರಾಯಲ್ಟಿಯ ಆಯ್ಕೆ 2010ರಲ್ಲಿ ಬಂತು; ಇಂಗ್ಲಿಷಿನ ದೊಡ್ಡ ಪ್ರಕಾಶಕರು ಇ-ಪುಸ್ತಕಕ್ಕೆ ಸಾಮಾನ್ಯವಾಗಿ ಕೊಡುವುದು ತಮಗೆ ಬಂದ ನಿವ್ವಳ ಹಣದ 25 ಶೇಕಡಾ. ಎದುರುಬದುರು ಇಟ್ಟರೆ ಆಸೆ ಹುಟ್ಟುವುದು ಸಹಜ. ಆದರೆ ಸಂಪಾದನೆ, ಕರಡು ತಿದ್ದುವಿಕೆ, ಮುಖಪುಟ ಎಲ್ಲದರ ಖರ್ಚು ನನ್ನ ಜೇಬಿನದು. ಮೊದಲ ಆರು ತಿಂಗಳು ಪುಸ್ತಕ ಇದೆ ಎಂದೇ ಯಾರಿಗೂ ಗೊತ್ತಿರಲಿಲ್ಲ. ಹಾಕಿದ ದುಡ್ಡು ವಾಪಸ್ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಆಮೇಲೆ ಓದುಗರ ಮಾತಿನಿಂದಲೇ ಅದು ನಿಧಾನಕ್ಕೆ ಓಡತೊಡಗಿತು. ಆಗ ಇನ್ನೊಬ್ಬ ಪ್ರಕಾಶಕರು ತಾವಾಗಿಯೇ ಬಂದು, ಅಚ್ಚಿನಲ್ಲಿ ತರುತ್ತೇವೆ ಎಂದರು. ಕೊಟ್ಟೆ, ಅಚ್ಚಿನ ಹಕ್ಕು ಮಾತ್ರ.

ಹಾಗಾಗಿ, ಇ-ಪುಸ್ತಕ ಪ್ರಕಾಶಕರ ಅನ್ನ ಕಿತ್ತುಕೊಳ್ಳುತ್ತದೆ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಹೊಸ ಲೇಖಕರ ಮೇಲೆ ಕಣ್ಣುಮುಚ್ಚಿ ದುಡ್ಡು ಹಾಕುವ ಅಪಾಯ ಅವರಿಗೆ ಕಡಿಮೆಯಾಗಿದೆ. ಓದುಗರು ಆಗಲೇ ಆರಿಸಿದ ಪುಸ್ತಕವನ್ನು ಅಚ್ಚಿಗೆ ಕೊಂಡೊಯ್ಯಬಹುದು. ಅಮೆರಿಕದ ಲೇಖಕ ಹ್ಯೂ ಹೋವಿ ತಾವೇ ಪ್ರಕಟಿಸಿದ್ದ ಕಾದಂಬರಿಯ ಅಚ್ಚಿನ ಹಕ್ಕನ್ನಷ್ಟೇ 2012ರಲ್ಲಿ ಪ್ರಕಾಶನ ಸಂಸ್ಥೆ ಸೈಮನ್ ಅಂಡ್ ಶುಸ್ಟರ್‌ಗೆ ಕೊಟ್ಟು, ಇ-ಹಕ್ಕು ತಮ್ಮಲ್ಲೇ ಇಟ್ಟುಕೊಂಡರು. ಅಷ್ಟು ದೊಡ್ಡ ಹೆಸರಿಗೆ ಸಿಗುವ ಷರತ್ತು ನಮಗೆ ಸಿಗುತ್ತದೆಯೇ ಎಂದು ನಾನೂ ಹೆದರಿದ್ದೆ. ಕೇಳಿದೆ, ಸಿಕ್ಕಿತು.

ನಿಮಗೆ ನನ್ನ ಸಲಹೆ: ನಿಮ್ಮನ್ನು ಒಪ್ಪಿದ ಪ್ರಕಾಶಕರಲ್ಲಿನ ಸಂಪಾದಕರು ಒಳ್ಳೆಯವರಾಗಿದ್ದರೆ ಅವರಿಗೇ ಕೊಡಿ, ಮೊದಲ ಪುಸ್ತಕಕ್ಕೆ ತಿದ್ದುವ ಕೈ ಬೇಕೇ ಬೇಕು. ಇ-ಹಕ್ಕನ್ನು ನಿಮ್ಮಲ್ಲೇ ಉಳಿಸಿಕೊಂಡು ಅಚ್ಚಿನ ಹಕ್ಕು ಮಾತ್ರ ಕೊಡಲು ಆಗುತ್ತದೆಯೇ ಕೇಳಿ. ಆಗದಿದ್ದರೆ 'ಲಭ್ಯವಿರುವಷ್ಟು ಕಾಲ' ಎಂಬಲ್ಲಿ ಒಂದು ಸಂಖ್ಯೆ ಬರೆಸಿ: ಸತತ ಎರಡು ವರ್ಷ ಎಲ್ಲ ರೂಪಗಳೂ ಸೇರಿ ಇಷ್ಟು ಪ್ರತಿಗಿಂತ ಕಡಿಮೆ ಮಾರಾಟವಾದರೆ, ಲೇಖಕರು ಪತ್ರ ಬರೆದ ಆರು ತಿಂಗಳೊಳಗೆ ಹಕ್ಕು ಮರಳಬೇಕು. ಬಾಯಿಮಾತಿನ ಭರವಸೆ ಸಾಲದು, ನನಗೆ ಭರವಸೆ ಕೊಟ್ಟವರು ಮರುವರ್ಷವೇ ಕೆಲಸ ಬಿಟ್ಟಿದ್ದರು. ಸಂಖ್ಯೆ ಬರೆಯಲು ಒಪ್ಪದಿದ್ದರೆ ಸಹಿ ಹಾಕಬೇಡಿ, ಎಷ್ಟೇ ತಿಂಗಳು ಕಾದಿದ್ದರೂ.

ನನ್ನ ಮೊದಲ ಕಾದಂಬರಿಯ ಆ ಪಿಡಿಎಫ್ ಈಗಲೂ ಮಾರಾಟಕ್ಕಿದೆ. ಹಕ್ಕು ಕೇಳಿ ಪ್ರತಿ ವರ್ಷ ಒಂದು ಪತ್ರ ಬರೆಯುತ್ತೇನೆ. ಈ ವರ್ಷದ್ದನ್ನು ಕಳೆದ ತಿಂಗಳು ಕಳಿಸಿದ್ದೇನೆ.