ಬಾವಿಯ ಈಜು ಬಲ್ಲವರು ನೇತ್ರಾಣಿಗೆ ಹೊರಡುವ ಮುನ್ನ

ಪ್ರಶ್ನೆ: ನಾನು ಶಿರಸಿ ಸಮೀಪದ ಹಳ್ಳಿಯವನು, ವಯಸ್ಸು 34. ಚಿಕ್ಕಂದಿನಿಂದ ಬಾವಿ, ಕೆರೆಗಳಲ್ಲಿ ಮುಳುಗಿ ತಳ ಮುಟ್ಟಿ ಬರುವ ಅಭ್ಯಾಸವಿದೆ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಡೈವಿಂಗ್ (ಗಾಳಿಯ ಸಿಲಿಂಡರ್ ಹೊತ್ತು ನೀರಿನೊಳಗೇ ಉಸಿರಾಡುತ್ತಾ ಮುಳುಗುವುದು) ಮಾಡಿ, ಅದೇ ಸಂಜೆ ಊರಿಗೆ ಮರಳಬೇಕೆಂದಿದ್ದೇನೆ. ನನಗೂ ತರಬೇತಿ ಬೇಕೇ?

ಉತ್ತರ: ಖಂಡಿತ ಬೇಕು. ನೀರಿನ ಭಯವಿಲ್ಲದಿರುವುದು ನಿಮಗೆ ದೊಡ್ಡ ಅನುಕೂಲವೇ ಸರಿ; ಆದರೆ ಉಸಿರು ಕಟ್ಟಿ ಮುಳುಗುವ ರೂಢಿಯನ್ನು ನೀವು ದಡದಲ್ಲೇ ಬಿಟ್ಟು ಹೋಗಬೇಕಾಗುತ್ತದೆ. ಬಾವಿಯಲ್ಲಿ ನೀವು ಮೇಲೆ ಎಳೆದುಕೊಂಡ ಗಾಳಿ ಕೆಳಗಿಳಿದಂತೆ ಕುಗ್ಗಿ, ಮೇಲೆ ಬರುವಾಗ ಮೊದಲಿನಷ್ಟೇ ಆಗುವುದರಿಂದ ಅದು ಅತಿಯಾಗಿ ಹಿಗ್ಗುವ ಅಪಾಯವಿಲ್ಲ. ಸ್ಕೂಬಾದಲ್ಲಿ ಹಾಗಲ್ಲ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡು ಪಟ್ಟಿರುತ್ತದೆ, ಸಿಲಿಂಡರಿನಿಂದ ಅದೇ ಒತ್ತಡದ ಗಾಳಿ ಎದೆಗೆ ಬರುತ್ತದೆ. ಅದನ್ನು ಕಟ್ಟಿ ಹಿಡಿದು ಮೇಲೆ ಬಂದರೆ ಗಾಳಿ ಎರಡರಷ್ಟು ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಹುದು. ಗಾಬರಿಯಾದಾಗ ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮುವುದು ಬಾವಿಯ ಈಜುಗಾರರಿಗೆ ಸಹಜವಾದ್ದರಿಂದಲೇ ಇದನ್ನು ಒತ್ತಿ ಹೇಳುತ್ತಿದ್ದೇನೆ. ಉಸಿರಾಟ ಒಂದು ಕ್ಷಣವೂ ನಿಲ್ಲಬಾರದು, ಏರುವುದು ನಿಧಾನವಾಗಿರಬೇಕು.

ಕಿವಿಯ ವಿಷಯದಲ್ಲಿಯೂ ನೋವು ತಡೆದುಕೊಂಡು ಇಳಿಯುವುದು ತಪ್ಪು. ದೇವಿಮನೆ ಘಟ್ಟ ಇಳಿಯುವಾಗ ಕಟ್ಟಿಕೊಂಡ ಕಿವಿ ಉಗುಳು ನುಂಗಿದರೆ ಬಿಟ್ಟುಕೊಳ್ಳುತ್ತದಲ್ಲ, ನೀರಿನಲ್ಲಿ ಅದೇ ಕೆಲಸವನ್ನು ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿ, ನೋವು ಬರುವ ಮೊದಲೇ, ಇಳಿಯುತ್ತಾ ಮತ್ತೆ ಮತ್ತೆ ಮಾಡಬೇಕು. ನೆಗಡಿಯಿದ್ದರೆ ಆ ದಿನ ಬೇಡ. ಆಸ್ತಮಾ, ಮೂರ್ಛೆರೋಗ, ಹೃದಯದ ತೊಂದರೆ ಅಥವಾ ಕಿವಿಯ ಶಸ್ತ್ರಚಿಕಿತ್ಸೆ ಆಗಿದ್ದರೆ ಅರ್ಜಿಯಲ್ಲಿ ಮುಚ್ಚಿಡದೆ ಬರೆದು, ವೈದ್ಯರ ಒಪ್ಪಿಗೆ ಪಡೆಯಿರಿ.

ಮೊದಲ ಸಲಕ್ಕೆ ತರಬೇತುದಾರರು ಜೊತೆಗೇ ಇರುವ ಒಂದು ದಿನದ ಡೈವ್ ಸಾಕು. ಅದರಲ್ಲಿ 12 ಮೀಟರಿಗಿಂತ ಕೆಳಗೆ ಇಳಿಸುವುದಿಲ್ಲ. ಇಷ್ಟವಾದರೆ ಮುಂದೆ ಸ್ಕೂಬಾ ಕಲಿಕೆಯ ಮೊದಲ ಹಂತವಾದ ಓಪನ್ ವಾಟರ್ ಪ್ರಮಾಣಪತ್ರಕ್ಕೆ ಸೇರಬಹುದು, ಅದಕ್ಕೆ 200 ಮೀಟರ್ ಈಜಿ, 10 ನಿಮಿಷ ತೇಲಿ ತೋರಿಸಬೇಕು. ನಿಮಗೆ ಅದು ಕಷ್ಟವಾಗಲಾರದು. ಮಳೆಗಾಲದಲ್ಲಿ ನೇತ್ರಾಣಿಗೆ ಬೋಟುಗಳು ಹೋಗುವುದಿಲ್ಲ. ದಡದಿಂದ ಸುಮಾರು 19 ಕಿ.ಮೀ. ತೆರೆಗಳ ಮೇಲಿನ ಪಯಣವಾದ್ದರಿಂದ ಬೆಳಿಗ್ಗೆ ಹೊಟ್ಟೆ ಬಿರಿಯೆ ತಿನ್ನದಿರುವುದು ಒಳ್ಳೆಯದು.

ಇನ್ನು ಸಂಜೆಯೇ ಮರಳುವ ಮಾತು. ಆಳದಲ್ಲಿ ಉಸಿರಾಡುವಾಗ ರಕ್ತ, ಮಾಂಸಗಳಲ್ಲಿ ಕರಗಿದ ಸಾರಜನಕ ಹೊರಹೋಗಲು ಸಮಯ ಬೇಕು, ಅಷ್ಟರೊಳಗೆ ಎತ್ತರಕ್ಕೆ ಹೋದರೆ ಅದು ದೇಹದೊಳಗೇ ಗುಳ್ಳೆಗಟ್ಟಬಹುದು. ಒಂದು ಡೈವ್ ನಂತರ ವಿಮಾನ ಹತ್ತಲು ಕನಿಷ್ಠ 12 ಗಂಟೆ, ಹಲವು ಡೈವ್‌ಗಳಾದರೆ 18 ಗಂಟೆ ಕಾಯಬೇಕೆನ್ನುವುದು ಇದೇ ಕಾರಣಕ್ಕೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಕಡಿಮೆ ಆಳದ ಒಂದೇ ಡೈವ್‌ಗೆ ಅಪಾಯ ತೀರಾ ಕಡಿಮೆಯಾದರೂ, ನಾನಾದರೆ ಆ ರಾತ್ರಿ ಮುರುಡೇಶ್ವರದಲ್ಲೋ ಹೊನ್ನಾವರದಲ್ಲೋ ಉಳಿದು, ಬೆಳಿಗ್ಗೆ ಘಟ್ಟ ಹತ್ತಿರೆಂದೇ ಹೇಳುತ್ತೇನೆ.