ತುಕ್ಕು ಹಿಡಿದ ಸ್ಪ್ರಿಂಗನ್ನು ಯಾವಾಗ ಬದಲಿಸಬೇಕು?

ಪ್ರಶ್ನೆ: ನಮ್ಮದು 2009ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು. ಮೊದಲ ಒಂಬತ್ತು ವರ್ಷ ಮಂಗಳೂರಿನಲ್ಲಿ ನಮ್ಮ ಭಾವನವರ ಬಳಿ ಇತ್ತು, ಆಮೇಲೆ ಬೆಂಗಳೂರಿಗೆ ಬಂತು. 15 ವರ್ಷ ತುಂಬಿದಾಗ ನೋಂದಣಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಿಕೊಂಡೆವು. ಈಚೆಗೆ ಟೈರು ಬದಲಿಸುವಾಗ ನಾಲ್ಕೂ ಸ್ಪ್ರಿಂಗ್‌ಗಳಿಗೆ ತುಕ್ಕು ಹಿಡಿದಿರುವುದು ಕಂಡಿತು. ಒಬ್ಬ ಮೆಕ್ಯಾನಿಕ್ ನಾಲ್ಕನ್ನೂ ಕೂಡಲೇ ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ಮುರಿದಾಗ ನೋಡೋಣ ಎನ್ನುತ್ತಾರೆ. ಯಾರ ಮಾತು ಕೇಳಬೇಕು?
– ಓದುಗರೊಬ್ಬರು, ಬನಶಂಕರಿ, ಬೆಂಗಳೂರು

ಉತ್ತರ: ತುಕ್ಕು ಕಂಡ ಮಾತ್ರಕ್ಕೆ ನಾಲ್ಕೂ ಸ್ಪ್ರಿಂಗ್ ಕಳಚಿ ಹಾಕಬೇಕಾಗಿಲ್ಲ. ಆದರೆ ಮುರಿಯುವವರೆಗೆ ಕಾಯುವ ಸಲಹೆಯನ್ನು ನಾನು ಯಾವ ಕಾರಿಗೂ ಒಪ್ಪಲಾರೆ. ಅನೇಕ ಕಾರುಗಳಲ್ಲಿ ಮುಂದಿನ ಸ್ಪ್ರಿಂಗ್ ಕೂರುವ ತಟ್ಟೆ ಟೈರಿಗೆ ಬಲು ಸಮೀಪದಲ್ಲಿರುತ್ತದೆ. ಮುರಿದ ತುದಿ ತಟ್ಟೆಯಿಂದ ಜಾರಿದರೆ ಟೈರಿನ ಒಳಬದಿಯನ್ನು ಸೀಳಬಲ್ಲದು. ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆಯಲ್ಲಿ ವೇಗವಾಗಿ ಸಾಗುವಾಗ ಹಾಗಾದರೆ ಕಾರನ್ನು ಹಿಡಿತಕ್ಕೆ ತರುವುದು ಎಷ್ಟು ಕಷ್ಟವೆಂದು ನೀವೇ ಊಹಿಸಬಹುದು.

ಸ್ಪ್ರಿಂಗಿನ ಉಕ್ಕು ಸದಾ ಭಾರ ಹೊತ್ತು ತಿರುಚಿಕೊಳ್ಳುತ್ತಿರುತ್ತದೆ. ಅದರ ಮೇಲಿನ ಲೇಪನಕ್ಕೆ ಜಲ್ಲಿಕಲ್ಲು ಸಿಡಿದು ಗಾಯವಾದ ಕಡೆ ತುಕ್ಕು ಒಳಗಿಳಿದು ಸಣ್ಣ ಗುಳಿ ಮಾಡುತ್ತದೆ; ಕಾರು ಪ್ರತಿ ಸಲ ಉಬ್ಬು ಹತ್ತಿ ಇಳಿದಾಗಲೂ ಒತ್ತಡವೆಲ್ಲ ಆ ಗುಳಿಯ ತಳದಲ್ಲಿ ಒಟ್ಟುಗೂಡಿ, ಕೂದಲೆಳೆಯಂಥ ಬಿರುಕು ಹುಟ್ಟಿ ಬೆಳೆಯುತ್ತದೆ. ಅತ್ಯಂತ ಕೆಳಗಿನ ಸುತ್ತಿನಲ್ಲಿ ಇದು ಬೇಗ ಆಗುತ್ತದೆ, ಏಕೆಂದರೆ ಕೆಸರು, ಮರಳು, ನೀರು ತಟ್ಟೆಯಲ್ಲಿ ನಿಂತು ಲೇಪನವನ್ನು ಉಜ್ಜುತ್ತಲೇ ಇರುತ್ತವೆ. ನಿಮ್ಮ ಕಾರಿನ ವಿಷಯದಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಮಂಗಳೂರಿನ ಆ ಒಂಬತ್ತು ವರ್ಷಗಳು. ಕಡಲ ಗಾಳಿಯ ಉಪ್ಪಿನಂಶ ಮತ್ತು ಕರಾವಳಿಯ ದೀರ್ಘ ಮಳೆಗಾಲ ಎರಡೂ ಸೇರಿದಾಗ ತುಕ್ಕು ಇಳಿಯುವ ಆಳ, ಹುಟ್ಟಿದಾಗಿನಿಂದ ಬೆಂಗಳೂರಿನಲ್ಲೇ ಓಡಿದ ಕಾರಿನದ್ದಕ್ಕಿಂತ ಹೆಚ್ಚಿರುತ್ತದೆ.

ಆದ್ದರಿಂದ ಕಾರನ್ನು ಲಿಫ್ಟಿನ ಮೇಲೆ ಏರಿಸಿ, ಚಕ್ರ ಬಿಚ್ಚಿಸಿ, ಕೆಳಗಿನ ಒಂದೂವರೆ ಸುತ್ತನ್ನು ನೀರಿನಿಂದ ತೊಳೆಸಿ, ವೈರ್ ಬ್ರಷ್‌ನಿಂದ ಉಜ್ಜಿಸಿ, ಟಾರ್ಚ್ ಹಿಡಿದು ನೀವೇ ನೋಡಿ. ಉಜ್ಜಿದ ಮೇಲೆ ನಯವಾದ ಲೋಹ ಕಂಡರೆ ಅದು ಮೇಲ್ಮೈಯ ತುಕ್ಕು. ತುಕ್ಕುನಿರೋಧಕ ಪ್ರೈಮರ್ ಮತ್ತು ತೆಳುವಾದ ಬಣ್ಣ ಹಚ್ಚಿಸಿ, ವರ್ಷಕ್ಕೊಮ್ಮೆ ಮುಂಗಾರಿಗೆ ಮೊದಲು ಮತ್ತೆ ನೋಡಿದರೆ ಸಾಕು. ಉಗುರಿಗೆ ಸಿಗುವಂಥ ಗುಳಿಗಳು ಕಂಡರೆ, ಪದರಪದರವಾಗಿ ಚಕ್ಕೆ ಏಳುತ್ತಿದ್ದರೆ ಅಥವಾ ತಂತಿ ಒಂದು ಕಡೆ ಸವೆದು ಸಣ್ಣಗಾಗಿದ್ದರೆ, ಆ ಸ್ಪ್ರಿಂಗ್ ಇಂದು ಗಟ್ಟಿಯಾಗಿ ಕಂಡರೂ ಬದಲಿಸಿಬಿಡಿ. ತಂತಿ ಸವೆಯುವುದನ್ನು ಅಲ್ಪವೆಂದು ಎಣಿಸಬೇಡಿ. ಸ್ಪ್ರಿಂಗಿನ ಬಿಗಿ ತಂತಿಯ ವ್ಯಾಸದ ನಾಲ್ಕನೆಯ ಘಾತವನ್ನು ಅವಲಂಬಿಸಿರುವುದರಿಂದ, 12 ಮಿಲಿಮೀಟರ್ ತಂತಿ ಉದ್ದಕ್ಕೂ 11.5 ಮಿಲಿಮೀಟರ್‌ಗೆ ಇಳಿದರೆ ಬಿಗಿ ಸುಮಾರು ಶೇ 16ರಷ್ಟು ಕುಗ್ಗುತ್ತದೆ, ಅದೇ ಭಾರಕ್ಕೆ ಉಕ್ಕಿನ ಮೇಲಿನ ಒತ್ತಡ ಸುಮಾರು ಶೇ 14ರಷ್ಟು ಏರುತ್ತದೆ. ದಪ್ಪನೆಯ ಟಾರು ಲೇಪನ ಬಳಿಸಿ ಮುಚ್ಚುವುದಂತೂ ಬೇಡವೇ ಬೇಡ; ಅದರಡಿ ಬೆಳೆಯುವ ಬಿರುಕು ಯಾರ ಕಣ್ಣಿಗೂ ಬೀಳುವುದಿಲ್ಲ.

ಮನೆಯಲ್ಲಿ ಮಾಡಬಹುದಾದ ಇನ್ನೊಂದು ಪರೀಕ್ಷೆಯೂ ಇದೆ. ನಾಲ್ಕೂ ಟೈರುಗಳಿಗೆ ಸರಿಯಾದ ಗಾಳಿ ತುಂಬಿಸಿ, ಡಿಕ್ಕಿ ಖಾಲಿ ಮಾಡಿ, ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ. ಎಡಬಲಗಳ ನಡುವೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಸ್ಪ್ರಿಂಗ್ ಕುಸಿದಿರಬಹುದು, ಇಲ್ಲವೇ ತುದಿ ಮುರಿದಿರಬಹುದು. ಸ್ಟಿಯರಿಂಗ್ ಪೂರ್ತಿ ತಿರುಗಿಸುವಾಗ ಅಥವಾ ಉಬ್ಬು ದಾಟುವಾಗ ಟಣ್ ಎಂಬ ಶಬ್ದ ಬಂದರೂ ತಡಮಾಡದೆ ತೋರಿಸಿ.

ಬದಲಿಸುವಾಗ ಒಂದೇ ಬದಿಯದನ್ನು ಬದಲಿಸಬಾರದು. ಮುಂದಿನ ಜೋಡಿ ಅಥವಾ ಹಿಂದಿನ ಜೋಡಿ ಒಟ್ಟಿಗೇ ಆಗಬೇಕು. ನಾಲ್ಕೂ ಒಟ್ಟಿಗೆ ಆಗಲೇಬೇಕೆಂದಿಲ್ಲ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೊಳ್ಳುವುದಾದರೆ ಮಾದರಿಯ ಹೆಸರಷ್ಟೇ ಹೇಳದೆ ಪಾರ್ಟ್ ನಂಬರ್ ತೋರಿಸಿ ಕೇಳಿ, ಏಕೆಂದರೆ ಡೀಸೆಲ್ ಎಂಜಿನ್ ಸಾಮಾನ್ಯವಾಗಿ ಹೆಚ್ಚು ತೂಕದ್ದಾಗಿರುವುದರಿಂದ ಅದೇ ಕಾರಿನ ಡೀಸೆಲ್ ಮಾದರಿಗೆ ಬೇರೆ ಸ್ಪ್ರಿಂಗ್ ಇರುವುದುಂಟು. ಗುಜರಿಯ ಸ್ಪ್ರಿಂಗ್ ಬೇಡ; ಅದು ಎಷ್ಟು ವರ್ಷ, ಯಾವ ಊರಿನಲ್ಲಿ ಓಡಿದೆ ಎಂಬುದು ಮಾರುವವರಿಗೂ ತಿಳಿದಿರುವುದಿಲ್ಲ. ಸ್ಟ್ರಟ್ (ಸ್ಪ್ರಿಂಗನ್ನೂ ಶಾಕ್ ಅಬ್ಸಾರ್ಬರನ್ನೂ ಹೊತ್ತ ಕಂಬ) ಹೇಗೂ ಬಿಚ್ಚುವುದರಿಂದ ಅದರ ಮೇಲಿನ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್ (ದೊಡ್ಡ ಕುಲುಕಿನಲ್ಲಿ ಬಡಿತ ತಡೆಯುವ ಮೆತ್ತೆ) ಇವನ್ನೂ ನೋಡಿಸಿ, ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಈ ಕೆಲಸವನ್ನು ದಯವಿಟ್ಟು ಮನೆಯಲ್ಲಿ ಪ್ರಯತ್ನಿಸಬೇಡಿ. ಅದುಮಿ ಹಿಡಿದ ಸ್ಪ್ರಿಂಗ್ ಕಂಪ್ರೆಸರ್‌ನಿಂದ ಜಾರಿದರೆ ಪ್ರಾಣಕ್ಕೇ ಅಪಾಯ.

ಪ್ರಶ್ನೆ: ಸುತ್ತುಗಳ ನಡುವೆ ರಬ್ಬರ್ ಬಫರ್ ಹಾಕಿಸಿದರೆ ಹಳೆಯ ಸ್ಪ್ರಿಂಗ್ ಇನ್ನೆರಡು ವರ್ಷ ಬಾಳುತ್ತದೆಯೇ?
– ಓದುಗರೊಬ್ಬರು, ಯಲಹಂಕ

ಉತ್ತರ: ಬಾಳುವುದಿಲ್ಲ. ಬಫರ್ ಕಾರನ್ನು ಸ್ವಲ್ಪ ಎತ್ತರಿಸಬಹುದು, ಆದರೆ ಒಂದೆರಡು ಸುತ್ತುಗಳ ಚಲನೆಯನ್ನು ಕಟ್ಟಿಹಾಕಿ ಉಳಿದ ಸುತ್ತುಗಳ ಮೇಲೆ ಹೆಚ್ಚಿನ ಹೊರೆ ಹೇರುತ್ತದೆ. ರಬ್ಬರಿನಡಿ ಕೆಸರು, ತೇವ ಸಿಕ್ಕಿಕೊಂಡು ತುಕ್ಕಿಗೂ ಅನುಕೂಲವಾಗುತ್ತದೆ. ಈಗಾಗಲೇ ಹಾಕಿಸಿದ್ದರೆ ಮುಂದಿನ ಸರ್ವೀಸಿನಲ್ಲಿ ತೆಗೆಸಿ, ಅದು ಕೂತಿದ್ದ ಜಾಗವನ್ನು ಉಜ್ಜಿಸಿ ಗುಳಿ ಬಿದ್ದಿದೆಯೇ ಎಂದು ಪರೀಕ್ಷಿಸಿ.